ಇಡೀ ಟೀಮಿಗೆ ಗಂಜಿ ಹಾಕಿದವಳು

ಅವಳು ಸತ್ತದ್ದು ಒಂದು ಮಂಗಳವಾರ. ಮಂಗಳವಾರ ಕಾಲುಚೀಲದ ದಿನ. ಬದುಕಿದ್ದಷ್ಟು ಕಾಲ ಮಂಗಳವಾರ ಯಾರು ಕರೆದರೂ ಅವಳು ಎಲ್ಲಿಗೂ ಹೋದವಳಲ್ಲ. ಹಲ್ಲುನೋವಿನಿಂದ ಮುಖ ಅರ್ಧ ಬಾತುಕೊಂಡಿದ್ದಾಗಲೂ ಡಾಕ್ಟರನಿಗೆ ಫೋನ್ ಮಾಡಿ ಬುಧವಾರ ಬರುತ್ತೇನೆ ಎಂದವಳು. ಹಾಗಾಗಿ ಸುದ್ದಿ ಬಂದಾಗ ನನಗೆ ಮೊದಲು ಹೊಳೆದದ್ದು, ಕಾಲುಚೀಲ ಒಗೆದು ಮುಗಿಸಿಯೇ ಹೋಗಿರುತ್ತಾಳೆ ಎಂದು. ಹೋಗಿ ನೋಡಿದರೆ ಹಾಗೆಯೇ ಆಗಿತ್ತು. ಹಗ್ಗದ ಮೇಲೆ ಕಾಲುಚೀಲಗಳು ಜೋಡಿ ಜೋಡಿಯಾಗಿ ನೇತಾಡುತ್ತಿದ್ದವು, ಇನ್ನೂ ಒದ್ದೆ. ಒಣಗಿಸಿ ಮಡಚುವ ಕೆಲಸ ಮಾತ್ರ ನನಗೆ ಬಿಟ್ಟಿದ್ದಳು. ಒಣಗುವವರೆಗೆ ಕಾದು ಕುಳಿತೆ, ಮಡಚಿದೆ, ಮನೆಗೆ ಬಂದೆ. ಅಳು ಬರಲಿಲ್ಲ. ನನಗೆ ಅದು ಬೇಗ ಬರುವುದಿಲ್ಲ, ಗಂಡ ಸತ್ತಾಗಲೂ ನೆರೆಮನೆಯವರೇ ಹೆಚ್ಚು ಅತ್ತದ್ದು.

ಅವಳ ಹೆಸರು ಬರೆಯುವುದಿಲ್ಲ. ಅಂಗಿಯ ಬೆನ್ನಿನ ಮೇಲೆ ಹೆಸರು ಇರಬೇಕಾದದ್ದು ಆಡುವವರದು, ಒಗೆಯುವವರದ್ದಲ್ಲ ಎಂದು ಅವಳೇ ಹೇಳುತ್ತಿದ್ದಳು. ಕ್ಲಬ್ಬಿನ ಹೆಸರೂ ಬೇಡ. ಮೆಲ್ಬೋರ್ನಿನ ಒಂದು ಹೆಂಗಸರ ಫುಟ್‌ಬಾಲ್ ಕ್ಲಬ್ಬು, ಅಷ್ಟು ಸಾಕು. ಅದರ ಅಂಗಿ, ಚಡ್ಡಿ, ಕಾಲುಚೀಲ, ಟವೆಲ್ ಎಲ್ಲ ನೋಡಿಕೊಳ್ಳುವವಳು ಇವಳು. ಅದಕ್ಕೆ ಕಿಟ್ ಮ್ಯಾನೇಜರ್ ಎಂದು ದೊಡ್ಡ ಹೆಸರು ಇತ್ತು. ನಾನು ಕನ್ನಡದಲ್ಲಿ ಬರೆಯುತ್ತಿರುವುದರಿಂದ ಧೈರ್ಯವಾಗಿ ಎಲ್ಲವನ್ನೂ ಬರೆಯುತ್ತೇನೆ. ಕ್ಲಬ್ಬಿನವರು ಯಾರೂ ಓದುವುದಿಲ್ಲ. ಓದಿದವರು ಇದನ್ನು ಇಂಗ್ಲಿಷಿಗೆ ಹಾಕಿ ಅವರಿಗೆ ಕಳುಹಿಸಬೇಡಿ, ಅಷ್ಟೇ ನನ್ನ ಕೋರಿಕೆ. ಯಾಕೆಂದು ಮುಂದೆ ಗೊತ್ತಾಗುತ್ತದೆ.

ನಾನು ಕಲಿತದ್ದು ಐದನೇ ಕ್ಲಾಸು. ಮಂಗಳೂರಿನಲ್ಲಿ ಒಂದು ಕಾನ್ವೆಂಟಿನ ಬಟ್ಟೆ ಕೋಣೆಯಲ್ಲಿ ಇಪ್ಪತ್ತಾರು ವರ್ಷ ಕೆಲಸ ಮಾಡಿದೆ. ಸಿಸ್ಟರುಗಳ ಬಿಳಿ ನಿಲುವಂಗಿ ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡಿ ಕಪಾಟಿನಲ್ಲಿ ನಿಲ್ಲಿಸುವುದು. ಮಲಗಿಸುವುದಲ್ಲ, ನಿಲ್ಲಿಸುವುದು. ನಾನು ಗಂಜಿ ಹಾಕಿದ ಬಟ್ಟೆ ತಾನಾಗಿ ನಿಲ್ಲುತ್ತಿತ್ತು. ನನ್ನ ದೊಡ್ಡ ಮಗಳು ನರ್ಸು, ಮೆಲ್ಬೋರ್ನಿನ ಅಂಚಿನ ಕ್ಲೈಡ್ ನಾರ್ತಿನಲ್ಲಿ ಮನೆ ಮಾಡಿದಾಗ ಮೊಮ್ಮಗಳನ್ನು ನೋಡಿಕೊಳ್ಳಲು ನನ್ನನ್ನು ಕರೆಸಿಕೊಂಡಳು. ಎರಡು ಸಾವಿರದ ಹದಿಮೂರನೇ ಇಸವಿ. ಅಲ್ಲಿ ಎಲ್ಲ ಮನೆಗಳೂ ಹೊಸವು, ಒಂದೇ ಅಚ್ಚಿನವು, ಮರಗಳು ಇನ್ನೂ ಮೊಣಕಾಲಿನಷ್ಟು. ನಮ್ಮ ಮನೆಯ ಹಿಂದೆ ಇದ್ದ ಮನೆ ಒಂದು ಮಾತ್ರ ಹಳೆಯದು, ಹಲಗೆಯ ಮನೆ. ಸುತ್ತಲಿನ ಹುಲ್ಲುಗಾವಲೆಲ್ಲ ಸೈಟುಗಳಾಗಿ ಮಾರಿಹೋದಾಗ ಅದೊಂದು ಹಟ ಹಿಡಿದು ಉಳಿದಿತ್ತು. ಅದೇ ಅವಳ ಮನೆ.

ಅವಳ ಹಿತ್ತಲಿನಲ್ಲಿ ಕೊಡೆಯ ಹಾಗೆ ಬಿಡಿಸಿಕೊಂಡು ಗಾಳಿಗೆ ತಿರುಗುವ ದೊಡ್ಡ ಬಟ್ಟೆಯ ಹಗ್ಗ ಇತ್ತು. ಬಂದ ಮೂರನೇ ದಿನ ನಮ್ಮ ಅಡುಗೆಮನೆಯ ಕಿಟಕಿಯಿಂದ ನೋಡುತ್ತೇನೆ, ಹದಿನೆಂಟು ಕಡುನೀಲಿ ಅಂಗಿಗಳು ಭುಜಕ್ಕೆ ಕ್ಲಿಪ್ಪು ಹಾಕಿಸಿಕೊಂಡು ಸುತ್ತುತ್ತಿವೆ. ಅಂಗಿಯನ್ನು ಭುಜದಿಂದ ನೇತು ಹಾಕಿದರೆ ಒಣಗಿದ ಮೇಲೆ ಭುಜದಲ್ಲಿ ಎರಡು ಕೊಂಬು ಏಳುತ್ತದೆ. ಅಂಗಿ ನೇತು ಹಾಕುವುದು ಕೆಳಗಿನ ಅಂಚಿನಿಂದ. ತಡೆದುಕೊಂಡು ಇರಲು ನೋಡಿದೆ, ಆಗಲಿಲ್ಲ. ಬೇಲಿಯ ಒಂದು ಹಲಗೆ ಸಡಿಲವಿತ್ತು. ಮೈಮೇಲೆ ನೈಟಿ, ಅದರ ಮೇಲೆ ಅಳಿಯನ ಸ್ವೆಟರು, ಹಾಗೆಯೇ ನುಗ್ಗಿ ಒಂದೊಂದೇ ತೆಗೆದು ತಲೆಕೆಳಗು ಮಾಡಿ ಹಾಕತೊಡಗಿದೆ. ಏಳೋ ಎಂಟೋ ಆಗಿರಬೇಕು, ಹಿಂದೆ ಯಾರೋ ಕೆಮ್ಮಿದರು.

ಬಿಳಿ ಕೂದಲು, ಗಂಡಸರ ಹಾಗೆ ಗಿಡ್ಡ ಕತ್ತರಿಸಿದ್ದು. ಅಗಲ ಪಾದ. ಬೆರಳುಗಳು ನನ್ನವೇ, ಅಂದರೆ ನೀರಿನಲ್ಲಿ ಇದ್ದು ಇದ್ದು ತುದಿ ಬಿಳುಚಿದವು. ಪೊಲೀಸರನ್ನು ಕರೆಯುತ್ತಾಳೆ ಎಂದುಕೊಂಡೆ. ಅವಳು ನಾನು ಹಾಕಿದ ಅಂಗಿಯನ್ನು ನೋಡಿದಳು, ತಾನು ಹಾಕಿದ್ದನ್ನು ನೋಡಿದಳು, ಕ್ಲಿಪ್ಪಿನ ಚೀಲವನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋಗಿ ಚಾ ತಂದಳು. ಅಂದಿನಿಂದ ಅಂಗಿ ಹಾಕುವುದು ನನ್ನ ಕೆಲಸ. ಅವಳು ನನ್ನನ್ನು "ಲವ್" ಎಂದು ಕರೆಯುತ್ತಿದ್ದಳು. ಮೊದಲ ಸಲ ನಾನು ಗಾಬರಿಯಾದೆ, ಮೂವತ್ತು ವರ್ಷ ಸಂಸಾರ ಮಾಡಿದ ಗಂಡ ಒಂದು ದಿನವೂ ಹಾಗೆ ಕರೆದವನಲ್ಲ. ಆಮೇಲೆ ನೋಡಿದರೆ ಪೋಸ್ಟಿನವನನ್ನೂ ಹಾಗೆಯೇ ಕರೆಯುತ್ತಿದ್ದಳು. ನಾನು ಅವಳನ್ನು ಬರೀ "ಮಿಸೆಸ್" ಎನ್ನುತ್ತಿದ್ದೆ. ನನ್ನ ಇಂಗ್ಲಿಷು ಮೀನು ಮಾರ್ಕೆಟಿಗೆ ಸಾಕಾಗುವಷ್ಟು. ಅವಳ ಮಾತುಗಳನ್ನು ಇಲ್ಲಿ ನನ್ನ ಮಾತಿನಲ್ಲೇ ಹಾಕುತ್ತೇನೆ, ಅರ್ಥ ಅದೇ.

ಅವಳ ಗ್ಯಾರೇಜಿನಲ್ಲಿ ಕಾರು ಇರಲಿಲ್ಲ, ಎರಡು ವಾಷಿಂಗ್ ಮೆಷಿನ್ ಇದ್ದವು. ಶನಿವಾರವೋ ಭಾನುವಾರವೋ ಆಟ. ಸೋಮವಾರ ಅಂಗಿ, ಮಂಗಳವಾರ ಕಾಲುಚೀಲ, ಬುಧವಾರ ಚಡ್ಡಿ ಮತ್ತು ಟವೆಲ್. ಸೋಮವಾರ ಬೆಳಿಗ್ಗೆ ಒಗೆಯುವ ಮೊದಲು ಒಂದೊಂದೇ ಅಂಗಿ ಎತ್ತಿ ಬೆಳಕಿಗೆ ಹಿಡಿದು ಓದುವುದು ಅವಳ ಚಟ. ಬೇರೆಯವರು ಪೇಪರು ಓದುವ ಹಾಗೆ. ಎದೆಯ ಮೇಲೆ ಹುಲ್ಲಿನ ಕಲೆ ಇದ್ದರೆ, ಇವಳು ಚೆನ್ನಾಗಿ ಆಡಿದ್ದಾಳೆ. ಬೆನ್ನ ಮೇಲೆ ಮಾತ್ರ ಇದ್ದರೆ, ಬೇಕೆಂದೇ ಬಿದ್ದು ರೆಫರಿಯ ಮುಖ ನೋಡಿದ್ದಾಳೆ. ತೋಳಿನ ಹೊಲಿಗೆ ಹರಿದಿದ್ದರೆ, ಎದುರು ಟೀಮಿನವಳಿಗೆ ಇವಳ ಭಯ ಇದೆ. ಒಂದು ಸೋಮವಾರ ಹತ್ತನೇ ನಂಬರಿನ ಅಂಗಿಯಲ್ಲಿ ಏನೂ ಇರಲಿಲ್ಲ, ಬೆವರಿನ ವಾಸನೆ ಕೂಡ. ಅದನ್ನು ಒಗೆಯದೆ ಹಾಗೆಯೇ ಮಡಚಿ ಚೀಲಕ್ಕೆ ಹಾಕಿದಳು. ಗುರುವಾರ ಪ್ರಾಕ್ಟೀಸಿನಲ್ಲಿ ಆ ಹುಡುಗಿಯ ಕೈಗೆ ಕೊಟ್ಟು, ಮೊನ್ನೆ ನೀನು ರಜೆಯಲ್ಲಿದ್ದೆಯಲ್ಲ, ಅದಕ್ಕೆ ಇದಕ್ಕೂ ರಜೆ ಕೊಟ್ಟೆ ಎಂದಳಂತೆ. ಮುಂದಿನ ವಾರ ಆ ಅಂಗಿಯ ಮಣ್ಣು ತೆಗೆಯಲು ನಾನು ಮೂರು ಸಲ ಸಾಬೂನು ಹಾಕಬೇಕಾಯಿತು.

ಹೆಸರಿಗೆ ಅದು ಪ್ರೊಫೆಷನಲ್ ಕ್ಲಬ್ಬು. ಆದರೆ ಹುಡುಗಿಯರೆಲ್ಲ ಬೇರೆ ಕೆಲಸ ಮಾಡುತ್ತಿದ್ದರು. ಒಬ್ಬಳು ಶಾಲೆಯ ಟೀಚರು, ಒಬ್ಬಳು ಬಾಕ್ಸ್ ಹಿಲ್ಲಿನ ಆಸ್ಪತ್ರೆಯಲ್ಲಿ. ಗೋಲ್‌ಕೀಪರ್ ಹುಡುಗಿ ಬೇಕರಿಯಲ್ಲಿ. ಆರಡಿ ಎತ್ತರ, ಕೈ ನೋಡಿದರೆ ಮೊರದ ಹಾಗೆ. ಬರುವಾಗ ಒಂದು ಚೀಲ ಬನ್ನು ತರುತ್ತಿದ್ದಳು. ಅದೇ ಕ್ಲಬ್ಬಿಗೆ ಗಂಡಸರ ಟೀಮೂ ಇತ್ತು, ಅವರಿಗೆ ಮೈದಾನದಲ್ಲೇ ಬಟ್ಟೆ ಒಗೆಯುವ ಕೋಣೆ, ಅದಕ್ಕೆ ಇಬ್ಬರು ಆಳು. ಹುಡುಗಿಯರಿಗೆ ಇವಳ ಗ್ಯಾರೇಜು. ಅಂಗಿಗಳೂ ಗಂಡಸರ ಅಳತೆಯವೇ. ಏಳನೇ ನಂಬರಿನ ಹುಡುಗಿ ಕಡ್ಡಿಯ ಹಾಗಿದ್ದಳು, ಓಡುವಾಗ ಅಂಗಿ ಒಂದು ಕಡೆ ಹೋದರೆ ಅವಳು ಇನ್ನೊಂದು ಕಡೆ ಹೋಗುತ್ತಿದ್ದಳು. ನಾನು ಮಗಳ ಹೊಲಿಗೆ ಮೆಷಿನ್ ಗ್ಯಾರೇಜಿಗೆ ತಂದು ಹದಿನೆಂಟು ಅಂಗಿಗಳಿಗೂ ಪಕ್ಕ ಹಿಡಿದು ಸಣ್ಣ ಮಾಡಿದೆ.

ಪ್ರತಿ ವರ್ಷ ಸೀಸನ್ ಶುರುವಾಗುವ ಮೊದಲು ಅವಳು ಕ್ಲಬ್ಬಿನ ಆಫೀಸಿಗೆ ಹೋಗುತ್ತಿದ್ದಳು. ಹೋಗಿ ಕೇಳುವುದು ಒಂದೇ ಮಾತು. "ಹುಡುಗರಿಗೆ ಇದೆಯಾ? ಹಾಗಾದರೆ ಹುಡುಗಿಯರಿಗೂ ಕೊಡಿ." ಒಂದು ವರ್ಷ ಬಿಸಿನೀರಿನ ಶವರು ಸಿಕ್ಕಿತು. ಇನ್ನೊಂದು ವರ್ಷ ಹೆಂಗಸರ ಅಳತೆಯ ಚಡ್ಡಿ. ಬಟ್ಟೆ ಕೋಣೆ ಮಾತ್ರ ಮುಂದಿನ ವರ್ಷ, ಮುಂದಿನ ವರ್ಷ. ತನಗಾಗಿ ಒಂದು ಏಪ್ರನ್ ಕೂಡ ಕೇಳಿದವಳಲ್ಲ. ಚಿಕ್ಕಂದಿನಲ್ಲಿ ಅವಳೂ ಆಡಿದವಳು. ಅವಳ ಕಾಲದಲ್ಲಿ ಹೆಂಗಸರ ಆಟಕ್ಕೆ ಗಂಡಸರ ಆಟ ಮುಗಿದು ಕೆಸರಾದ ಮೈದಾನ ಕೊಡುತ್ತಿದ್ದರಂತೆ, ನೋಡಲು ಇರುತ್ತಿದ್ದದ್ದು ಒಂದು ನಾಯಿ ಮತ್ತು ಆ ನಾಯಿಯ ಯಜಮಾನ. ಇದನ್ನು ಹೇಳುವಾಗ ದುಃಖ ಪಡುತ್ತಿರಲಿಲ್ಲ. ನಾಯಿ ಒಳ್ಳೆಯದಿತ್ತು ಎನ್ನುತ್ತಿದ್ದಳು.

ನನ್ನನ್ನು ಆಟಕ್ಕೂ ಕರೆದುಕೊಂಡು ಹೋಗುತ್ತಿದ್ದಳು. ಆಫ್‌ಸೈಡ್ ಎಂದರೆ ಏನೆಂದು ಕ್ಲಿಪ್ಪುಗಳನ್ನು ಹಗ್ಗಕ್ಕೆ ಸಿಕ್ಕಿಸಿ ಅರ್ಧ ಗಂಟೆ ಹೇಳಿಕೊಟ್ಟಳು. ನನಗೆ ಇವತ್ತಿಗೂ ಗೊತ್ತಿಲ್ಲ. ಬಾವುಟ ಎತ್ತಿದಾಗ ಬೈಯಬೇಕು ಎಂದು ಗೊತ್ತು, ಅದು ಸಾಕು. ಪೆನಾಲ್ಟಿ ಬಂದರೆ ಅವಳು ನೋಡುತ್ತಿರಲಿಲ್ಲ. ಮೈದಾನಕ್ಕೆ ಬೆನ್ನು ಹಾಕಿ, ಮಡಚಿದ ಟವೆಲ್ಲುಗಳನ್ನು ಬಿಚ್ಚಿ ಮತ್ತೆ ಮಡಚುತ್ತಿದ್ದಳು. ಗೋಲಾಯಿತೋ ಇಲ್ಲವೋ ಎಂದು ನಾನು ಹೇಳಬೇಕು. ಒಂದು ಸಲ ತಮಾಷೆಗೆ ಸುಳ್ಳು ಹೇಳಿದೆ. ಎರಡು ದಿನ ನನಗೆ ಚಾ ಸಿಗಲಿಲ್ಲ.

ಹೀಗೆ ಮೂರು ಬೇಸಿಗೆ ಕಳೆಯಿತು, ಅಲ್ಲಿನ ಬೇಸಿಗೆ ಎಂದರೆ ಡಿಸೆಂಬರು, ಜನವರಿ. ನಾಲ್ಕನೆಯದರಲ್ಲಿ ಕ್ಲಬ್ಬಿಗೆ ಹೊಸ ಮ್ಯಾನೇಜರ್ ಬಂದ. ಮೂವತ್ತೈದರ ಆಸುಪಾಸು, ಕೈಯಲ್ಲಿ ಸದಾ ಫೋನು, ಮಾತಿಗೊಮ್ಮೆ ಪ್ರೊಫೆಷನಲ್ ಎನ್ನುವವನು. ಡಿಸೆಂಬರಿನ ಮೊದಲ ವಾರ ನಾನು ಕ್ರಿಸ್‌ಮಸ್ಸಿಗೆ ನೆವ್ರಿ, ಅಂದರೆ ನಮ್ಮ ಕರ್ಜಿಕಾಯಿ, ಕರಿದು ಬೇಲಿ ದಾಟಿದಾಗ ಅವಳು ಗ್ಯಾರೇಜಿನ ಬಕೆಟ್ ಬೋರಲು ಹಾಕಿಕೊಂಡು ಅದರ ಮೇಲೆ ಕುಳಿತಿದ್ದಳು. ಮೆಷಿನ್ ನಿಂತು ಎಷ್ಟೋ ಹೊತ್ತಾಗಿತ್ತು, ಬಟ್ಟೆ ತೆಗೆದಿರಲಿಲ್ಲ. ಏನೆಂದು ಕೇಳಿದೆ. ಒಂದರ ಹಿಂದೆ ಒಂದರಂತೆ ಐದು ನೆವ್ರಿ ತಿಂದಳು. ಆಮೇಲೆ, ಹೊಸಬ ತಪ್ಪು ಹುಡುಕುತ್ತಿದ್ದಾನೆ ಲವ್, ಒಂದು ತಪ್ಪಾದರೆ ಸಾಕು, ನನ್ನ ಕೆಲಸ ಹೋಯಿತೆಂದೇ ತಿಳಿ ಎಂದಳು. ನನಗೆ ಸಿಟ್ಟು ಬಂತು. ಅವನು ಹುಡುಕಲಿ, ತಪ್ಪು ನಾವು ಮಾಡಿದರೆ ತಾನೇ ಎಂದೆ. ಅವಳು ನನ್ನನ್ನು ಒಂದು ತರ ನೋಡಿದಳು.

ಜನವರಿಯಲ್ಲಿ ಸಿಡ್ನಿಯಲ್ಲಿ ಆಟ. ಅದನ್ನು ಗೆದ್ದರೆ ಸೆಮಿಫೈನಲ್ಲು, ಸೋತರೆ ಆ ವರ್ಷದ ಆಟ ಮುಗಿಯಿತು. ಅದಕ್ಕೆ ಐದು ದಿನ ಇರುವಾಗ ಇವಳು ಸಾಬೂನು ನೀರಿನ ಮೇಲೆ ಕಾಲಿಟ್ಟು ಜಾರಿ ಬಲಗೈಯ ಮಣಿಕಟ್ಟು ಮುರಿದುಕೊಂಡಳು. ಪ್ಲಾಸ್ಟರ್ ಹಾಕಿಸಿಕೊಂಡು ಬಂದವಳೇ ಎಡಗೈಯಲ್ಲಿ ಬಕೆಟ್ ಹಿಡಿದಳು. ನಾನು ಬಕೆಟ್ ಕಿತ್ತುಕೊಂಡು ಮಂಚ ತೋರಿಸಿದೆ. ಸಿಡ್ನಿಯ ಸೆಟ್ಟನ್ನು ನನಗೆ ಬಿಡು ಎಂದೆ. ನನಗೂ ಸಿಡ್ನಿಗೆ ಹೋಗುವುದಿತ್ತು, ಅಲ್ಲಿ ನನ್ನ ಎರಡನೇ ಮಗಳಿದ್ದಾಳೆ. ಒಂದೇ ವಿಮಾನದಲ್ಲಿ ಹೋಗಿ ಬ್ಯಾಗು ಹೊರುತ್ತೇನೆ ಎಂದೂ ಹೇಳಿದೆ. ಮಲಗಿದಲ್ಲಿಂದಲೇ ಅವಳು ಬೆರಳು ಮಡಚಿ ಹೇಳಿದಳು: ಬಿಸಿನೀರು ಬೇಡ, ಬ್ಲೀಚ್ ಬೇಡ, ಬಟ್ಟೆ ಮೆದುವಾಗಲು ಹಾಕುವ ಆ ಪರಿಮಳದ ನೀರು ಬೇಡ, ಡ್ರೈಯರ್ ಬೇಡ, ಇಸ್ತ್ರಿ ಬೇಡ.

ಐದೂ ಪಾಲಿಸಿದೆ. ದೇವರಾಣೆಗೂ ಪಾಲಿಸಿದೆ. ಗಂಜಿ ಬೇಡ ಎಂದು ಅವಳು ಹೇಳಲಿಲ್ಲ.

ಈಗ ನೀವು ನಗುತ್ತೀರಿ. ಆದರೆ ನನ್ನ ಕಣ್ಣಿನಲ್ಲಿ ನೋಡಿ. ಆ ಅಂಗಿಗಳು ಒಗೆದ ಮೇಲೆ ಒದ್ದೆ ಬೆಕ್ಕಿನ ಹಾಗೆ ಜೋಲುತ್ತಿದ್ದವು. ಸಿಡ್ನಿಯವರದು ದೊಡ್ಡ ಕ್ಲಬ್ಬು, ಟಿವಿಯಲ್ಲಿ ತೋರಿಸುತ್ತಾರೆ, ನಮ್ಮ ಮಕ್ಕಳು ಅವರ ಎದುರು ಅನಾಥರ ಹಾಗೆ ನಿಲ್ಲಬೇಕೇ? ತಪ್ಪು ಹುಡುಕುವ ಮ್ಯಾನೇಜರ್ ಬೇರೆ ಬರುತ್ತಾನೆ. ಒಮ್ಮೆ ನೋಡಿಯೇ ಬಿಡಲಿ, ಒಗೆಯುವುದು ಎಂದರೆ ಏನೆಂದು. ಕಾನ್ವೆಂಟಿನಲ್ಲಿ ಬಿಷಪ್ ಬರುವ ದಿನ ಹಾಕುವ ಗಂಜಿಯೇ ಬೇರೆ, ಅದನ್ನೇ ಮಾಡಿದೆ. ನಮ್ಮ ಕುಚ್ಚಲಕ್ಕಿ ಅದಕ್ಕೆ ಆಗುವುದಿಲ್ಲ, ಬಣ್ಣ ಬಿಡುತ್ತದೆ. ಮಗಳ ಡಬ್ಬಿಯಲ್ಲಿದ್ದ ಜಾಸ್ಮಿನ್ ಅಕ್ಕಿಯನ್ನು ಕರಗುವವರೆಗೆ ಬೇಯಿಸಿ, ಮಲ್ಲು ಬಟ್ಟೆಯಲ್ಲಿ ಸೋಸಿ, ತಿಳಿ ಅಲ್ಲ, ದಪ್ಪವನ್ನೇ ತೆಗೆದು ಹದಿನೆಂಟು ಅಂಗಿ ಅದ್ದಿದೆ. ಆ ದಿನ ನಲವತ್ತು ಡಿಗ್ರಿ ಬಿಸಿಲು, ಒಂದು ಗಂಟೆಯಲ್ಲಿ ಹಪ್ಪಳ. ನಂಬರಿನ ಪ್ರಕಾರ ಜೋಡಿಸಿ ಬ್ಯಾಗು ಕಟ್ಟಿದೆ. ಅವಳು ನೋಡಬೇಕೆಂದಳು. ನಾನು ಮಾಡಿದ ಮೇಲೆ ನೋಡುವುದು ಎಂತದು ಎಂದು ಝಿಪ್ ಎಳೆದೆ.

ಸಿಡ್ನಿಯಲ್ಲಿ ಬಟ್ಟೆ ಬದಲಿಸುವ ಕೋಣೆಯಲ್ಲಿ ಬ್ಯಾಗು ತೆರೆದವಳು ಆ ಗೋಲ್‌ಕೀಪರ್ ಹುಡುಗಿ. ಒಂದು ಅಂಗಿ ಎತ್ತಿದಳು. ಅಂಗಿ ಬಗ್ಗಲಿಲ್ಲ. ಎರಡು ತೋಳು ಚಾಚಿಕೊಂಡು ಗದ್ದೆಯ ಬೆರ್ಚಪ್ಪನ ಹಾಗೆ ಅವಳ ಕೈಯಲ್ಲಿ ನಿಂತಿತು. ಅದನ್ನು ನೆಲದ ಮೇಲೆ ಇಟ್ಟಳು. ಅಲ್ಲಿಯೂ ನಿಂತಿತು. ಹುಡುಗಿಯರೆಲ್ಲ ಅದರ ಸುತ್ತ ಬಂದು ನಿಂತರು. ನನಗೆ ಹೆಮ್ಮೆ. ಸುಳ್ಳು ಯಾಕೆ ಹೇಳಲಿ, ಆ ಗಳಿಗೆಯಲ್ಲಿ ನನಗೆ ಹೆಮ್ಮೆಯೇ ಆದದ್ದು.

ಪ್ಲಾಸ್ಟರ್ ಕೈಯನ್ನು ಎದೆಗೆ ಒತ್ತಿಕೊಂಡು ನಮ್ಮ ಮಿಸೆಸ್ ಮೆಲ್ಲಗೆ ಬಂದಳು. ಕಾಲರನ್ನು ಎಡಗೈಯ ಉಗುರಿನಿಂದ ಕೆರೆದು ಬೆರಳನ್ನು ನಾಲಗೆಗೆ ಇಟ್ಟು ನೋಡಿದಳು. ನನ್ನ ಕಡೆ ತಿರುಗಿ ಒಂದೇ ಪದ ಹೇಳಿದಳು, "ರೈಸ್?" ನಾನು ತಲೆಯಾಡಿಸಿದೆ. ಆಗ ಅವಳ ಮುಖದಲ್ಲಿ ಬಂದದ್ದು ಸಿಟ್ಟೋ ನಗುವೋ ನನಗೆ ಗೊತ್ತಾಗಲಿಲ್ಲ. ಹುಡುಗಿಯರ ಕಡೆ ತಿರುಗಿ, ಇದು ನನ್ನ ಹೊಸ ವಿಧಾನ, ಗಾಳಿ ಅಂಗಿಯೊಳಗೆ ನುಗ್ಗದೆ ಪಕ್ಕದಿಂದ ಹೋಗುತ್ತದೆ, ಓಡಲು ಹಗುರ, ತಕರಾರು ಇದ್ದವರು ಬರೀ ಮೈಯಲ್ಲಿ ಆಡಿ ಎಂದಳು. ಇನ್ನೊಂದು ಸೆಟ್ಟು ಮೆಲ್ಬೋರ್ನಿನಲ್ಲಿತ್ತು. ಹುಡುಗಿಯರು ತಲೆ ತೂರಿಸಿದರು, ಕೋಣೆಯ ತುಂಬ ಹಪ್ಪಳ ಮುರಿಯುವ ಸದ್ದು.

ಮೊದಲರ್ಧ ಹೇಗೋ ಹೋಯಿತು. ಕಂಕುಳು ಉಜ್ಜುತ್ತದೆ ಎಂದು ನಮ್ಮವರೆಲ್ಲ ಕೈ ಅಗಲಿಸಿಕೊಂಡು ಬಾತುಕೋಳಿಗಳ ಹಾಗೆ ಓಡಿದರು, ಅಷ್ಟೇ. ಗೋಲು ಯಾರಿಗೂ ಇಲ್ಲ. ಎರಡನೇ ಅರ್ಧಕ್ಕೆ ಸಿಡ್ನಿಯ ಮಳೆ ಹಿಡಿಯಿತು. ಗಂಜಿಗೆ ನೀರು ಬಿದ್ದರೆ ಏನಾಗುತ್ತದೆ ಎಂದು ಇದನ್ನು ಓದುವ ಹೆಂಗಸರಿಗೆ ಹೇಳಬೇಕಾಗಿಲ್ಲ. ಕಡುನೀಲಿ ಅಂಗಿಯ ಭುಜದಲ್ಲಿ ಬಿಳಿ ನೊರೆ ಎದ್ದಿತು. ಬೆನ್ನ ಮೇಲಿಂದ ಲೋಳೆ ಇಳಿಯಿತು. ನಾನು ಕುಳಿತಲ್ಲಿಗೆ ಗಾಳಿಯಲ್ಲಿ ಅನ್ನ ಬಸಿದ ವಾಸನೆ, ಮಧ್ಯಾಹ್ನ ಹನ್ನೆರಡೂವರೆಗೆ ನಮ್ಮ ಕಾನ್ವೆಂಟಿನ ಅಡುಗೆಮನೆಯ ಹಿಂದೆ ನಿಂತ ಹಾಗೆ. ಸಿಡ್ನಿಯ ಒಬ್ಬಳು ನಮ್ಮ ಏಳನೇ ನಂಬರಿನವಳ ಅಂಗಿ ಹಿಡಿದು ಎಳೆಯಲು ಹೋದಳು, ಕೈ ಜಾರಿತು. ಮತ್ತೆ ಹಿಡಿದಳು, ಮತ್ತೆ ಜಾರಿತು, ತಾನೇ ಕುಕ್ಕುರಿಸಿ ಬಿದ್ದಳು. ನಮ್ಮವಳು ತಿರುಗಿ ಕೂಡ ನೋಡದೆ ಹೋಗಿ ಚೆಂಡನ್ನು ಬಲೆಗೆ ಹಾಕಿದಳು. ಅವರು ರೆಫರಿಗೆ ದೂರು ಕೊಟ್ಟರು. ರೆಫರಿಯಮ್ಮ ಬಂದು ಅಂಗಿಯ ತೋಳು ಮುಟ್ಟಿ, ಮೂಸಿ, ತನ್ನ ಚಡ್ಡಿಗೆ ಕೈ ಒರೆಸಿಕೊಂಡು ಆಟ ಮುಂದುವರಿಸಿ ಎಂದಳು. ಅನ್ನದ ಬಗ್ಗೆ ಅವಳ ಪುಸ್ತಕದಲ್ಲಿ ಏನೂ ಇದ್ದಿರಲಾರದು.

ಒಂದು ಗೋಲಿನಿಂದ ಗೆದ್ದರು. ಗಂಜಿಯಿಂದ ಗೆದ್ದರು ಎಂದು ನಾನು ಹೇಳುವುದಿಲ್ಲ. ಆ ಮಾತು ಆಮೇಲೆ ಅವಳು ಹೇಳುತ್ತಿದ್ದದ್ದು.

ಆಟ ಮುಗಿದ ಕೂಡಲೇ ಮ್ಯಾನೇಜರ್ ಬಂದ. ಗೆದ್ದ ಸಂತೋಷ ಅವನ ಮುಖದಲ್ಲಿ ಇರಲಿಲ್ಲ, ಯಾರೋ ಆ ನೊರೆಯ ಚಿತ್ರ ತೆಗೆದು ಊರಿಗೆಲ್ಲ ಕಳುಹಿಸಿಯಾಗಿತ್ತು. ಇದು ಯಾರು ಮಾಡಿದ್ದು ಎಂದು ಕೇಳಿದ. ನಾನು ಬಾಯಿ ತೆರೆದೆ. ಅವಳ ಅಗಲ ಪಾದ ನನ್ನ ಪಾದದ ಮೇಲೆ ಬಂತು.

"ನಾನು," ಎಂದಳು.

ಅವನು ಅವಳ ಪ್ಲಾಸ್ಟರ್ ಕೈ ನೋಡಿದ. ಗಂಜಿ ಕಲಸಲು ಒಂದು ಕೈ ಸಾಕು ಎಂದಳು.

ಮುಂದಿನ ವಾರ ಸೆಮಿಫೈನಲ್ಲಿನಲ್ಲಿ ಸೋತರು, ಗಂಜಿ ಇಲ್ಲದೆ. ಅದಾಗಿ ನಾಲ್ಕು ದಿನಕ್ಕೆ ಗ್ಯಾರೇಜಿಗೆ ವ್ಯಾನು ಬಂದು ಅಂಗಿ, ಬ್ಯಾಗು, ಟವೆಲ್ ಎಲ್ಲ ತೆಗೆದುಕೊಂಡು ಹೋಯಿತು. ಬೇಲಿಯ ಆಚೆಯಿಂದ ನೋಡುತ್ತಿದ್ದೆ. ಹಗ್ಗ ಖಾಲಿ ತಿರುಗುತ್ತಿತ್ತು. ಇಪ್ಪತ್ತಾರು ವರ್ಷದಲ್ಲಿ ನಾನು ಒಬ್ಬರ ಬಟ್ಟೆ ಹಾಳು ಮಾಡಿದವಳಲ್ಲ, ಈಗ ಒಬ್ಬಳ ಕೆಲಸವನ್ನೇ ಹಾಳು ಮಾಡಿದೆನಲ್ಲ ಎಂದು ಊಟ ಸೇರಲಿಲ್ಲ. ಕೊನೆಗೆ ಇಗರ್ಜಿಗೆ ಉಡುವ ಸೀರೆ ಉಟ್ಟು, ಒಳ್ಳೆಯ ಚಪ್ಪಲಿ ಹಾಕಿ, ಇಂಗ್ಲಿಷಿಗೆಂದು ಮೊಮ್ಮಗಳನ್ನು ಎಳೆದುಕೊಂಡು ಕ್ಲಬ್ಬಿನ ಆಫೀಸಿಗೆ ಹೋದೆ. ಅವಳಿಗೆ ಹನ್ನೆರಡು ವರ್ಷ, ಎಲ್ಲದಕ್ಕೂ ನಾಚಿಕೆಯಾಗುವ ವಯಸ್ಸು. ದಾರಿಯುದ್ದಕ್ಕೂ, ಗ್ರ್ಯಾನಿ, ಪ್ಲೀಸ್, ಗಂಜಿ ಅನ್ನೋದಕ್ಕೆ ನಾನು ಏನಂತ ಹೇಳಲಿ ಎಂದು ಗೋಳಾಡಿದಳು.

ಮ್ಯಾನೇಜರಿಗೆ ನೇರ ಹೇಳಿದೆ. ಗಂಜಿ ಹಾಕಿದ್ದು ನಾನು, ಅವಳು ಮಲಗಿದ್ದಳು, ಅವಳಿಗೆ ಗೊತ್ತೇ ಇರಲಿಲ್ಲ, ಅವಳ ಕೆಲಸ ಅವಳಿಗೆ ಕೊಡು. ನೀನು ಹಾಕಿಕೊಂಡ ಷರ್ಟಿನ ಕಾಲರಿಗೂ ಸ್ವಲ್ಪ ಗಂಜಿ ಬೇಕು ಎಂದೂ ಹೇಳಿದೆ, ಮೊಮ್ಮಗಳು ಅದನ್ನು ಇಂಗ್ಲಿಷಿಗೆ ಹಾಕಲಿಲ್ಲ. ಅವನು ಪೂರ್ತಿ ಕೇಳಿದ. ಕೆಟ್ಟವನಲ್ಲ ಅವನು, ಚಾ ಕೊಡಲೇ ಎಂದು ಕೇಳಿದ. ಆಮೇಲೆ ಅವನು ಹೇಳಿದ್ದನ್ನು ಮೊಮ್ಮಗಳು ನೆಲ ನೋಡುತ್ತ ನನಗೆ ಹೇಳಿದಳು. ಗಂಜಿಗೂ ಇದಕ್ಕೂ ಸಂಬಂಧವೇ ಇಲ್ಲವಂತೆ. ಬರುವ ವರ್ಷದಿಂದ ಹುಡುಗಿಯರ ಬಟ್ಟೆಯೂ ಮೈದಾನದ ಆ ದೊಡ್ಡ ಕೋಣೆಗೆ, ಹುಡುಗರ ಬಟ್ಟೆ ನೋಡಿಕೊಳ್ಳುವ ಆಳುಗಳಿಗೇ. ಎಷ್ಟೋ ವರ್ಷದಿಂದ ಅವಳೇ ಅದನ್ನು ಕೇಳುತ್ತಿದ್ದಳಲ್ಲ. ಸೀಸನ್ ಮುಗಿದ ಮೇಲೆ ಇವಳು ಬೇಕಾಗಿಲ್ಲ ಎಂದು ಡಿಸೆಂಬರಿನ ಮೊದಲ ವಾರವೇ ತಿಳಿಸಿಯಾಗಿತ್ತು. ಅವಳು ಸರಿ ಎಂದು, ಕೋಣೆಯಲ್ಲಿ ಹಗ್ಗ ಎಲ್ಲಿ ಕಟ್ಟಬೇಕೆಂದು ಕೂಡ ಹೇಳಿ ಹೋಗಿದ್ದಳಂತೆ.

ಡಿಸೆಂಬರಿನ ಮೊದಲ ವಾರ. ಐದು ನೆವ್ರಿ.

ಬಸ್ಸಿನಲ್ಲಿ ಬರುವಾಗ ಮೊಮ್ಮಗಳು ಮೊದಲ ಸಲ ತಾನಾಗಿ ನನ್ನ ಕೈ ಹಿಡಿದುಕೊಂಡಳು. ನಾನು ಬಿಡಿಸಿಕೊಂಡೆ, ಬೆವರುತ್ತಿತ್ತು.

ಬೇಲಿ ದಾಟಿ ಗ್ಯಾರೇಜಿಗೆ ಹೋದರೆ ಅವಳು ಕ್ಲಿಪ್ಪುಗಳನ್ನು ಒಂದೊಂದಾಗಿ ಒರೆಸುತ್ತಿದ್ದಳು. ಎಲ್ಲಿಗೆ ಹೋಗಿದ್ದೆ ಎಂದಳು. ಮಾರ್ಕೆಟಿಗೆ ಎಂದೆ. ನನ್ನ ಕಾಲು ನೋಡಿ, ಅದು ಮಾರ್ಕೆಟಿಗೆ ಹೋಗುವ ಚಪ್ಪಲಿ ಅಲ್ಲ ಎಂದಳು. ಮತ್ತೆರಡು ಕ್ಲಿಪ್ಪು ಒರೆಸಿದಳು.

"ನೋಡು ಲವ್, ಯಾರಾದರೂ ಕೇಳಿದರೆ ನಾನು ಎಂತ ಹೇಳುವುದು? ಮುದುಕಿ ಬೇಡವಾದಳು, ಅದಕ್ಕೆ ಬಿಟ್ಟರು ಅಂತ ಹೇಳುವುದಾ? ಕೇಳಿದವರು ಅಯ್ಯೋ ಪಾಪ ಅನ್ನುತ್ತಾರೆ. ಇಡೀ ಟೀಮಿಗೆ ಗಂಜಿ ಹಾಕಿದೆ, ಅದಕ್ಕೆ ಓಡಿಸಿದರು ಅಂದರೆ ಕುರ್ಚಿ ಎಳೆದು ಕೂತು ಕೇಳುತ್ತಾರೆ. ಅದೊಂದು ನನಗೆ ಬಿಡು."

ನಾನೂ ಒಂದು ಕ್ಲಿಪ್ಪು ಎತ್ತಿ ಒರೆಸುತ್ತ, ಹಾಗೆಂದು ಗೊತ್ತಿದ್ದರೆ ಇನ್ನೂ ದಪ್ಪ ಹಾಕುತ್ತಿದ್ದೆ ಎಂದೆ. ಅವಳು ನಕ್ಕ ನಗುವಿಗೆ ಕ್ಲಿಪ್ಪಿನ ಡಬ್ಬಿ ಮಗುಚಿ ಬಿತ್ತು. ಇಬ್ಬರೂ ಹೆಕ್ಕಿದೆವು.

ಆಮೇಲಿನ ಎರಡು ವರ್ಷ ಅವಳು ಆ ಕತೆಯನ್ನು ಹೇಳದ ಜಾಗ ಇಲ್ಲ. ಡಾಕ್ಟರನ ಬಳಿ, ಬಸ್ ಸ್ಟಾಪಿನಲ್ಲಿ, ಹೆಣದ ಊಟದಲ್ಲಿ. ಹೇಳಿದ ಹಾಗೆ ಗಂಜಿ ದಪ್ಪವಾಗುತ್ತ ಹೋಯಿತು, ಗೋಲುಗಳು ಮೂರಾದವು, ಸಿಡ್ನಿಯ ಅರ್ಧ ಟೀಮು ಜಾರಿ ಬಿತ್ತು. ನಾನು ಪಕ್ಕದಲ್ಲೇ ಕುಳಿತು ಏನೂ ಗೊತ್ತಿಲ್ಲದವಳ ಹಾಗೆ ಕೇಳುತ್ತಿದ್ದೆ. ಕೆಲವು ಸಲ ನನಗೇ ಅವಳು ಹೇಳಿದ್ದು ನಿಜ ಅನಿಸುತ್ತಿತ್ತು. ಕೈ ಸುಮ್ಮನಿರಬಾರದೆಂದು ನಮ್ಮ ಸಬರ್ಬಿನ ಸಣ್ಣ ಹುಡುಗಿಯರ ಟೀಮಿನ ಬಟ್ಟೆ ಒಗೆಯಲು ಹಿಡಿದಳು. ಆ ಮಂಗಳವಾರ ಹಗ್ಗದ ಮೇಲೆ ಇದ್ದದ್ದು ಅವರ ಕಾಲುಚೀಲ.

ಮಣ್ಣು ಮಾಡುವ ಹಿಂದಿ​ನ ದಿನ ಗೋಲ್‌ಕೀಪರ್ ಹುಡುಗಿ ನಮ್ಮ ಮನೆಗೆ ಬಂದಳು. ಅವಳು ಈಗ ಬೇಕರಿ ಬಿಟ್ಟಿದ್ದಾಳೆ, ಆಟವೇ ಅವಳ ಕೆಲಸ. ಕ್ಲಬ್ಬಿನ ಒಂದು ಹೊಸ ಅಂಗಿ ತಂದಿದ್ದಳು, ಹೆಂಗಸರ ಅಳತೆಯದು, ನಾನು ಪಕ್ಕ ಹಿಡಿಯಬೇಕಾಗಿರಲಿಲ್ಲ. ಬೆನ್ನ ಮೇಲೆ ಇವಳ ಹೆಸರು ಹಾಕಿಸಿದ್ದರು. ಪೆಟ್ಟಿಗೆಯ ಮೇಲೆ ಹಾಸಲು, ನಾಳೆ ನೀವೇ ತನ್ನಿ ಎಂದು ಕೊಟ್ಟು ಹೋದಳು. ಹೆಸರು ಬಿಚ್ಚಿ ತೆಗೆಯೋಣವೆಂದರೆ ಅದು ಹೊಲಿಗೆಯದ್ದಲ್ಲ, ಬಿಸಿಯಲ್ಲಿ ಅಂಟಿಸಿದ್ದು. ಡಬ್ಬಿ ನೋಡಿದೆ. ಅಕ್ಕಿ ಇತ್ತು.

ಮರುದಿನ ಹೆಸರು ಕೆಳಗಾಗುವಂತೆ ಅಂಗಿಯನ್ನು ಪೆಟ್ಟಿಗೆಯ ಮೇಲೆ ಇಟ್ಟೆ. ಅದು ಮಲಗಲಿಲ್ಲ. ಎರಡು ತೋಳು ಮೇಲೆತ್ತಿಕೊಂಡು, ಗೋಲು ಹೊಡೆದವರ ಹಾಗೆ, ಪಾದ್ರಿಯ ಕಡೆ ಮುಖ ಮಾಡಿ ನಿಂತಿತು. ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು, ಆಮೇಲೆ ಸಾಲು ಸಾಲಾಗಿ ಎಲ್ಲರೂ. ಗೋಲ್‌ಕೀಪರ್ ಹುಡುಗಿ ಎದ್ದು ಬಂದು ಕಾಲರನ್ನು ಉಗುರಿನಿಂದ ಕೆರೆದು ನಾಲಗೆಗೆ ಇಟ್ಟಳು. ನನ್ನ ಕಡೆ ಬಗ್ಗಿ ಮೆಲ್ಲಗೆ, ಇದು ಯಾರು ಮಾಡಿದ್ದು ಎಂದು ಕೇಳಿದಳು.

ನಾನು ಪೆಟ್ಟಿಗೆಯ ಕಡೆ ಬೆರಳು ತೋರಿಸಿದೆ.

"ಅವಳು," ಎಂದೆ.